ಕುಡಿಯುವ ಮನಸ್ಸು, ಬೈಯುವ ಮನಸ್ಸು, ಎರಡರ ಹಿಂದಿರುವ ನೋವು

ಮದ್ಯ ಬಿಡಬೇಕೆಂದು ಬಂದವರು ಆಪ್ತಸಮಾಲೋಚಕರ ಮುಂದೆ ಕುಳಿತು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ‘ಒಂದು ಮನಸ್ಸು ಬೇಡವೇ ಬೇಡ ಅನ್ನುತ್ತೆ ಸಾರ್, ಇನ್ನೊಂದು ಮನಸ್ಸು ಇವತ್ತೊಂದು ದಿನ ಅನ್ನುತ್ತೆ.’ ಮನೆಯವರಿಗೆ ಇದು ನೆಪದಂತೆ ಕೇಳಿಸುತ್ತದೆ. ವರ್ಷಗಟ್ಟಲೆ ಸುಳ್ಳು, ಸಾಲ, ಜಗಳಗಳನ್ನು ಕಂಡವರಿಗೆ ಹಾಗೆ ಕೇಳಿಸುವುದು ಸಹಜವೂ ಹೌದು. ಆದರೆ ಆ ಮಾತನ್ನು ಇದ್ದಂತೆಯೇ ನಂಬಿ, ಆ ಎರಡು ಮನಸ್ಸುಗಳನ್ನೂ ಬೇರೆ ಬೇರೆಯಾಗಿ ಮಾತನಾಡಿಸಿ, ಅವುಗಳ ಹಿಂದಿರುವ ಕಾರಣವನ್ನು ವಿಚಾರಿಸುವ ಮನೋಚಿಕಿತ್ಸೆಯೊಂದು ಕಳೆದ ನಾಲ್ಕು ದಶಕಗಳಲ್ಲಿ ಅಮೆರಿಕದಲ್ಲಿ ಬೆಳೆದು, ಈಗ ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ. ಅದರ ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಚಿಕ್ಕದಾಗಿ ಐಎಫ್‌ಎಸ್. ವ್ಯಸನದ ಬಗ್ಗೆ ಅದು ಹೇಳುವ ಮುಖ್ಯ ಸಂಗತಿಯೆಂದರೆ, ಕುಡಿಯುವ ಮನಸ್ಸು ತನಗೆ ತಿಳಿದ ಒಂದೇ ದಾರಿಯಲ್ಲಿ ಆ ವ್ಯಕ್ತಿಯನ್ನು ಕಾಪಾಡಲು ಹೆಣಗುತ್ತಿದೆ, ಮತ್ತು ಅದನ್ನು ಬೈದು, ನಾಚಿಸಿ, ಹೊಸಕಿ ಹಾಕುವ ಪ್ರಯತ್ನವೇ ವ್ಯಸನಕ್ಕೆ ಮತ್ತೆ ಮತ್ತೆ ಬಲ ತುಂಬುತ್ತದೆ ಎಂಬುದು.

ಈ ಕ್ರಮವನ್ನು ರೂಪಿಸಿದ ರಿಚರ್ಡ್ ಶ್ವಾರ್ಟ್ಜ್ ಮೂಲತಃ ಕುಟುಂಬ ಚಿಕಿತ್ಸಕರು. 1980ರ ದಶಕದಲ್ಲಿ ಅವರು ಷಿಕಾಗೋದಲ್ಲಿ, ಮಿತಿಮೀರಿ ತಿಂದು ಬಳಿಕ ಬೇಕೆಂದೇ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಎಂಬ ತೊಂದರೆಯಿದ್ದವರಿಗೆ ಚಿಕಿತ್ಸೆ ನೀಡುತ್ತಿದ್ದರು. ಮನೆಯ ಸಂಬಂಧಗಳು ಸರಿಹೋದರೆ ಮಕ್ಕಳ ತೊಂದರೆಯೂ ಸರಿಹೋಗುತ್ತದೆ ಎಂಬುದು ಆ ಕಾಲದ ಕುಟುಂಬ ಚಿಕಿತ್ಸೆಯ ನಂಬಿಕೆಯಾಗಿತ್ತು. ಆದರೆ ಮನೆ ಸುಧಾರಿಸಿದ ಮೇಲೂ ಹಲವರ ತಿನ್ನುವ ಚಟ ನಿಲ್ಲಲಿಲ್ಲ. ಏಕೆಂದು ಅವರನ್ನೇ ಕೇಳಿದಾಗ ಸಿಕ್ಕ ಉತ್ತರಗಳಲ್ಲಿ ಒಂದೇ ಬಗೆಯ ಸರಣಿ ಕಾಣಿಸಿತು. ಒಳಗಿನ ಒಂದು ಭಾಗ ತಮ್ಮನ್ನು ಹೀಯಾಳಿಸುತ್ತದೆ. ಅದನ್ನು ಕೇಳಿ ಇನ್ನೊಂದು ಭಾಗ ಒಂಟಿಯಾಗಿ, ಬೆಲೆಯಿಲ್ಲದ್ದಾಗಿ ಕುಗ್ಗುತ್ತದೆ. ಆ ಸಂಕಟವನ್ನು ತಾಳಲಾರದೆ ಮೂರನೆಯದೊಂದು ಮುನ್ನುಗ್ಗಿ ತಿನ್ನಿಸುತ್ತದೆ. ತಿಂದ ಮೇಲೆ ಮೊದಲನೆಯದು ಇನ್ನಷ್ಟು ಜೋರಾಗಿ ಹೀಯಾಳಿಸುತ್ತದೆ. ಕುಟುಂಬಗಳೊಳಗೆ ತಾವು ನೋಡುತ್ತಿದ್ದ ಜಗಳ, ಪಕ್ಷ ಕಟ್ಟುವಿಕೆ, ರಕ್ಷಣೆ, ಬಹಿಷ್ಕಾರಗಳೆಲ್ಲ ಒಬ್ಬನೇ ಮನುಷ್ಯನ ಒಳಗೂ ನಡೆಯುತ್ತಿವೆ ಎಂದು ಶ್ವಾರ್ಟ್ಜ್ ಅವರಿಗೆ ಹೊಳೆದದ್ದು ಹೀಗೆ.

ಆರಂಭದಲ್ಲಿ ಅವರು ಈ ಭಾಗಗಳ ಜೊತೆ ಹೋರಾಟಕ್ಕೇ ಇಳಿದಿದ್ದರು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಒಬ್ಬ ಮಹಿಳೆಯ ಪ್ರಸಂಗವನ್ನು ಅವರೇ ಹಲವು ಸಲ ಹೇಳಿದ್ದಾರೆ. ಗಾಯ ಮಾಡುವ ಆ ಭಾಗ ಈ ವಾರ ಹಾಗೆ ಮಾಡುವುದಿಲ್ಲವೆಂದು ಒಪ್ಪುವವರೆಗೂ ಅವರು ಅದನ್ನು ಪಟ್ಟುಹಿಡಿದು ಒತ್ತಾಯಿಸಿದರು. ಮುಂದಿನ ಭೇಟಿಗೆ ಆಕೆ ಬಂದದ್ದು ಮುಖದ ಮೇಲೆ ಗಾಯದೊಂದಿಗೆ. ಸೋತೆನೆಂದು ಅವರು ಒಪ್ಪಿಕೊಂಡಾಗ ಆ ಭಾಗದ ಧ್ವನಿ ಮೆತ್ತಗಾಯಿತು. ಏಕೆ ಹೀಗೆ ಮಾಡುತ್ತೀಯೆಂದು ನಿಜವಾದ ಕುತೂಹಲದಿಂದ ಕೇಳಿದಾಗ, ಬಾಲ್ಯದಲ್ಲಿ ಆಕೆಯ ಮೇಲೆ ದೌರ್ಜನ್ಯ ನಡೆಯುತ್ತಿದ್ದ ಕಾಲದಲ್ಲಿ ಆಕೆಯನ್ನು ಉಳಿಸಿಕೊಳ್ಳಲು ತಾನು ಏನೆಲ್ಲ ಮಾಡಬೇಕಾಯಿತೆಂದು ಅದು ಹೇಳಿತು. ಐಎಫ್‌ಎಸ್‌ನ ಮುಂದಿನ ಬೆಳವಣಿಗೆಯೆಲ್ಲ ಈ ತಿರುವಿನಿಂದ ಹೊರಟದ್ದು: ಹಾನಿ ಮಾಡುವ ನಡವಳಿಕೆಯನ್ನು ಒಪ್ಪಬೇಕಾಗಿಲ್ಲ, ಆದರೆ ಅದನ್ನು ಮಾಡಿಸುವ ಭಾಗಕ್ಕೆ ಒಂದು ಉದ್ದೇಶವಿರುತ್ತದೆ, ಆ ಉದ್ದೇಶವನ್ನು ಕೇಳಿಸಿಕೊಳ್ಳದೆ ಅದು ಜಾಗ ಬಿಡುವುದಿಲ್ಲ.

ಈ ಚಿಕಿತ್ಸೆಯ ಪ್ರಕಾರ ನಮ್ಮೊಳಗಿನ ಭಾಗಗಳು ಮೂರು ಬಗೆಯ ಪಾತ್ರಗಳನ್ನು ವಹಿಸುತ್ತವೆ. ಎಳವೆಯಲ್ಲಿ ಅನುಭವಿಸಿದ ಅವಮಾನ, ಭಯ, ತಬ್ಬಲಿತನಗಳನ್ನು ಹೊತ್ತಿರುವ ಭಾಗಗಳನ್ನು ಮನಸ್ಸು ದೂರ ಅಟ್ಟಿಬಿಡುತ್ತದೆ. ಇವು ಗಡೀಪಾರಾದ ಭಾಗಗಳು. ಅವುಗಳ ನೋವು ಮೇಲೆದ್ದು ಬರದಂತೆ ಎರಡು ಬಗೆಯ ಕಾವಲುಗಾರರು ನೋಡಿಕೊಳ್ಳುತ್ತಾರೆ. ಮೊದಲನೆಯವರು ವ್ಯವಸ್ಥಾಪಕರು: ನೋವು ತಟ್ಟುವ ಮೊದಲೇ ಎಲ್ಲವನ್ನೂ ಹದ್ದುಬಸ್ತಿನಲ್ಲಿಡಲು ದುಡಿಯುವ, ಟೀಕಿಸುವ, ಯೋಜನೆ ಹಾಕುವ, ಮರ್ಯಾದೆಗೆ ಅಂಜುವ ಭಾಗಗಳು. ಎರಡನೆಯವರನ್ನು ಶ್ವಾರ್ಟ್ಜ್ ಅಗ್ನಿಶಾಮಕರೆಂದು ಕರೆದರು. ಕಾವಲು ತಪ್ಪಿ ನೋವು ಒಮ್ಮೆ ಭುಗಿಲೆದ್ದಿತೆಂದರೆ, ಪರಿಣಾಮವೇನೆಂದು ಯೋಚಿಸದೆ ತಕ್ಷಣ ಅದನ್ನು ನಂದಿಸುವುದಷ್ಟೇ ಇವರ ಕೆಲಸ. ಮದ್ಯ, ಮಾದಕ ವಸ್ತು, ಜೂಜು, ಗಂಟೆಗಟ್ಟಲೆ ಮೊಬೈಲ್, ಅತಿಯಾದ ತಿನ್ನುವಿಕೆ, ಕೆಲವೊಮ್ಮೆ ಸಿಡಿದೇಳುವ ಕೋಪ ಕೂಡ ಇವರ ಸಲಕರಣೆಗಳು. ಈ ಎಲ್ಲ ಭಾಗಗಳ ಜೊತೆಗೆ, ಯಾವ ಆಘಾತದಿಂದಲೂ ಕೆಡದೆ ಉಳಿದಿರುವ ಒಂದು ಕೇಂದ್ರ ಪ್ರತಿಯೊಬ್ಬರಲ್ಲೂ ಇದೆ ಎಂದು ಐಎಫ್‌ಎಸ್ ನಂಬುತ್ತದೆ. ಅದನ್ನು ಸೆಲ್ಫ್ ಎನ್ನುತ್ತಾರೆ. ಶಾಂತಿ, ಕುತೂಹಲ, ಕರುಣೆ, ಸ್ಪಷ್ಟತೆ, ಧೈರ್ಯ ಇವೇ ಅದರ ಗುರುತುಗಳು. ಗುಣಪಡಿಸುವ ಶಕ್ತಿ ಇರುವುದು ಅಲ್ಲಿ. ಚಿಕಿತ್ಸಕರು ಅಲ್ಲಿಗೆ ದಾರಿ ತೋರಿಸುವವರು ಮಾತ್ರ.

ಇದು ನಿತ್ಯದ ಬದುಕಿನಲ್ಲಿ ಹೇಗೆ ನಡೆಯುತ್ತದೆಂದು ತಿಳಿಯಲು, ವಿವರಣೆಗಾಗಿಯೇ ಕಲ್ಪಿಸಿಕೊಂಡ ಒಬ್ಬ ಮನುಷ್ಯನನ್ನು ನೋಡೋಣ. ದಾವಣಗೆರೆಯಂಥ ಊರಿನಲ್ಲಿ ವೈರಿಂಗ್ ಕೆಲಸ ಮಾಡುವ, ನಲವತ್ತರ ಆಸುಪಾಸಿನ ಗಂಡಸು. ಎಸ್ಸೆಸ್ಸೆಲ್ಸಿ ಫೇಲಾದಾಗ ಅಪ್ಪ ನೆಂಟರೆದುರು ಹೊಡೆದು ‘ನೀನು ಯಾತಕ್ಕೂ ಬಾರದವನು’ ಎಂದದ್ದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಎರಡು ವಾರದಿಂದ ಕುಡಿದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕೆಲಸಕ್ಕೆ ಹೋಗುತ್ತಾನೆ, ಬಂದ ಕೂಲಿಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ, ಯಾರೂ ಬೆರಳು ತೋರಿಸದಂತೆ ಇರಬೇಕೆಂದು ಮೈಯೆಲ್ಲ ಬಿಗಿಹಿಡಿದು ಬದುಕುತ್ತಾನೆ. ಒಂದು ಸಂಜೆ ಸೈಟಿನಲ್ಲಿ ಕಂಟ್ರಾಕ್ಟರ್ ನಾಲ್ಕು ಜನರ ಮುಂದೆ ಅವನ ಕೆಲಸವನ್ನು ಜರಿಯುತ್ತಾನೆ. ಮಾತು ದೊಡ್ಡದಲ್ಲ, ಆದರೆ ಹದಿನಾರು ವರ್ಷದ ಆ ಹುಡುಗ ಅವನೊಳಗೆ ಮತ್ತೆ ನೆಂಟರೆದುರು ನಿಲ್ಲುತ್ತಾನೆ. ಆ ಉರಿಯನ್ನು ಏನೆಂದು ಹೆಸರಿಸಲೂ ಅವನಿಗೆ ಬರುವುದಿಲ್ಲ. ಕಾಲು ತಾನಾಗಿಯೇ ಎಂಆರ್‌ಪಿ ಅಂಗಡಿಯ ಕಡೆ ಹೊರಳುತ್ತದೆ. ಮೊದಲ ಕ್ವಾರ್ಟರ್ ಒಳಗೆ ಹೋಗುವಷ್ಟರಲ್ಲಿ ಹುಡುಗನ ಅಳು ಕೇಳಿಸದಂತಾಗುತ್ತದೆ. ಅಗ್ನಿಶಾಮಕ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ.

ಮಾರನೆಯ ಬೆಳಿಗ್ಗೆ ಏಳುವುದು ಬೈಯುವ ಮನಸ್ಸು. ‘ನೀನೂ ಒಬ್ಬ ಮನುಷ್ಯನಾ, ಮಗಳ ತಲೆ ಮುಟ್ಟಿ ಆಣೆ ಮಾಡಿದ್ದೆಯಲ್ಲ’ ಎಂದು ಅದು ಶುರುಮಾಡುತ್ತದೆ. ಹೆಂಡತಿಯ ಮೌನವೂ ಅಣ್ಣನ ಉಪದೇಶವೂ ಅದಕ್ಕೆ ದನಿಗೂಡಿಸುತ್ತವೆ. ಅದರ ಉದ್ದೇಶವೂ ಒಳ್ಳೆಯದೇ: ಇಷ್ಟು ಬೈದರಾದರೂ ಇವನು ಬಿಟ್ಟಾನು ಎಂಬ ಆಸೆ. ಆದರೆ ಅದು ಬಳಸುವ ಮಾತು ಅಪ್ಪ ಬಳಸಿದ ಮಾತೇ. ಆ ಮಾತು ನೇರವಾಗಿ ಹೋಗಿ ತಾಕುವುದು ಅದೇ ಹುಡುಗನಿಗೆ; ಹುಡುಗ ಮತ್ತೆ ಅಳುತ್ತಾನೆ, ಅಗ್ನಿಶಾಮಕನಿಗೆ ಮತ್ತೆ ಕರೆ ಹೋಗುತ್ತದೆ. ಕುಡಿಯುವ ಭಾಗ ಜೋರಾದಷ್ಟೂ ಬೈಯುವ ಭಾಗ ಜೋರಾಗುತ್ತದೆ, ಬೈಗುಳ ಜೋರಾದಷ್ಟೂ ಕುಡಿತ ಹೆಚ್ಚುತ್ತದೆ. ಈ ಹಗ್ಗಜಗ್ಗಾಟದಲ್ಲಿ ಹಗ್ಗದ ಎರಡೂ ತುದಿಗಳನ್ನು ಒಬ್ಬನೇ ಮನುಷ್ಯ ಎಳೆಯುತ್ತಿರುವುದರಿಂದ, ಯಾವ ತುದಿ ಗೆದ್ದರೂ ಬೀಳುವವನು ಅವನೇ. ಕುಡಿತ ಬಿಡಿಸುವ ನಮ್ಮ ರೂಢಿಯ ಪ್ರಯತ್ನಗಳಲ್ಲಿ ಹೆಚ್ಚಿನವು ಬೈಯುವ ತುದಿಗೆ ಇನ್ನಷ್ಟು ಜನರನ್ನು ಸೇರಿಸುತ್ತವೆ, ಅಷ್ಟೆ.

ನಾಚಿಕೆ ವ್ಯಸನವನ್ನು ಕಡಿಮೆ ಮಾಡುವುದಿಲ್ಲ ಎನ್ನುವುದಕ್ಕೆ ಐಎಫ್‌ಎಸ್‌ನ ಹೊರಗೂ ಆಧಾರಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ತೋರಿಸಿಕೊಟ್ಟದ್ದು ಇದನ್ನು: ಬಿಟ್ಟವನು ಒಂದು ದಿನ ತಪ್ಪಿ ಕುಡಿಯುವುದಕ್ಕಿಂತ, ಕುಡಿದ ಮೇಲೆ ‘ನನ್ನ ಹಣೆಬರಹವೇ ಇಷ್ಟು’ ಎಂದು ತನ್ನನ್ನು ತಾನೇ ಕೈಬಿಡುವುದು ಅವನನ್ನು ಪೂರ್ತಿ ಮರುಕಳಿಕೆಗೆ ತಳ್ಳುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಹೊಸದಾಗಿ ಮದ್ಯ ಬಿಟ್ಟವರು ತಮ್ಮ ಹಿಂದಿನ ಕುಡಿತದ ಬಗ್ಗೆ ಮಾತನಾಡುವಾಗ ವಿಡಿಯೊ ಚಿತ್ರೀಕರಿಸಿಕೊಂಡು, ಭುಜ ಕುಗ್ಗಿಸುವುದು, ಎದೆ ಮುದುಡಿಸುವುದು ಮುಂತಾದ ನಾಚಿಕೆಯ ಚಿಹ್ನೆಗಳನ್ನು ಅಳೆದರು. ಆ ಚಿಹ್ನೆಗಳು ಹೆಚ್ಚಾಗಿ ಕಂಡವರೇ ಮುಂದಿನ ತಿಂಗಳುಗಳಲ್ಲಿ ಹೆಚ್ಚು ಮರುಕಳಿಕೆಗೆ ಗುರಿಯಾದರು. ಮಾಡಿದ ಕೆಲಸದ ಬಗ್ಗೆ ಪಶ್ಚಾತ್ತಾಪ ಬೇರೆ, ‘ನಾನೇ ಕೆಟ್ಟವನು’ ಎಂಬ ನಾಚಿಕೆ ಬೇರೆ. ಮೊದಲನೆಯದು ಮನುಷ್ಯನನ್ನು ಹೆಂಡತಿಯ ಬಳಿ ಕ್ಷಮೆ ಕೇಳಲು ಕಳುಹಿಸುತ್ತದೆ, ಎರಡನೆಯದು ಬಾಟಲಿಯ ಬಳಿಗೆ.

ಬಾಲ್ಯದ ನೋವಿಗೂ ವ್ಯಸನಕ್ಕೂ ಇರುವ ನಂಟನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ಅಧ್ಯಯನ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರಿಂದ ಮಾಹಿತಿ ಸಂಗ್ರಹಿಸಿದ ಈ ಅಧ್ಯಯನದ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ತಾಯಿಯ ಮೇಲಿನ ಹಿಂಸೆ ಮುಂತಾದ ಬಾಲ್ಯದ ಕಹಿ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಕಂಡವರಿಗೆ, ಯಾವುದನ್ನೂ ಕಾಣದವರಿಗಿಂತ, ಮದ್ಯವ್ಯಸನ, ಮಾದಕ ವಸ್ತುಗಳ ಬಳಕೆ, ಖಿನ್ನತೆ ಮತ್ತು ಆತ್ಮಹತ್ಯಾ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಹಾಗೆಂದು ಕುಡಿಯುವ ಪ್ರತಿಯೊಬ್ಬನ ಹಿಂದೆಯೂ ದೊಡ್ಡದೊಂದು ಆಘಾತವಿದೆ ಎನ್ನುವುದು ತಪ್ಪು. ಮದ್ಯವ್ಯಸನದ ಒಲವಿನಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಜೊತೆಗೆ ಬೀದಿಗೊಂದು ಅಂಗಡಿ, ಗೆಳೆಯರ ಬಳಗ, ಮೈಮುರಿಯುವ ದುಡಿಮೆ ಇವೂ ಸೇರುತ್ತವೆ. ಇಲ್ಲದ ಗಾಯವನ್ನು ಕೆದಕಿ ಹುಡುಕುವ ಚಿಕಿತ್ಸಕರು ರೋಗಿಗೆ ಉಪಕಾರ ಮಾಡುವುದಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದು ಏನು? ಮೊದಲಿಗೆ ಕುಡಿಯುವ ತುಡಿತ ಮೈಯಲ್ಲಿ ಎಲ್ಲಿ ಕಾಣಿಸಿಕೊಳ್ಳುತ್ತದೆಂದು ಗಮನಿಸಲು ಹೇಳುತ್ತಾರೆ: ಎದೆಯ ಬಿಗಿತವೋ, ಗಂಟಲ ಒಣಗುವಿಕೆಯೋ, ಕೈಯ ಚಡಪಡಿಕೆಯೋ. ಅದರ ಮೇಲೆ ಗಮನವಿಟ್ಟ ಬಳಿಕ ಕೇಳುವ ಪ್ರಶ್ನೆ, ‘ಈ ಭಾಗದ ಬಗ್ಗೆ ನಿಮಗೆ ಈಗ ಏನನ್ನಿಸುತ್ತಿದೆ?’ ಸರಳವೆನಿಸುವ ಈ ಪ್ರಶ್ನೆಯೇ ಇಡೀ ವಿಧಾನದ ಕೀಲಿ. ‘ಹೇಸಿಗೆ ಅನ್ನಿಸುತ್ತೆ, ಇದು ತೊಲಗಿದರೆ ಸಾಕು’ ಎಂಬ ಉತ್ತರ ಬಂದರೆ ಮಾತನಾಡುತ್ತಿರುವುದು ಬೈಯುವ ಮನಸ್ಸು ಎಂದರ್ಥ. ಅದನ್ನೂ ಬೈಯದೆ, ಅದರ ಆತಂಕವನ್ನು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಪಕ್ಕಕ್ಕೆ ಕುಳಿತು ನೋಡುವಂತೆ ಕೇಳಿಕೊಳ್ಳುತ್ತಾರೆ. ಅದು ಒಪ್ಪಿದಾಗ ಅದೇ ಪ್ರಶ್ನೆಗೆ ಬೇರೆ ಉತ್ತರ ಬರುತ್ತದೆ: ‘ಪಾಪ, ಇದಕ್ಕೂ ಸುಸ್ತಾಗಿದೆ ಅನ್ನಿಸುತ್ತೆ’, ಅಥವಾ ‘ಯಾಕೆ ಹೀಗೆ ಮಾಡುತ್ತೆ ಅಂತ ತಿಳಿದುಕೊಳ್ಳಬೇಕು ಅನ್ನಿಸುತ್ತೆ.’ ಕುತೂಹಲವೂ ಕರುಣೆಯೂ ಮೂಡಿದ ಆ ಕ್ಷಣದಲ್ಲಿ ಮಾತನಾಡುತ್ತಿರುವುದು ಸೆಲ್ಫ್. ಆಗ ಕುಡಿಯುವ ಭಾಗವನ್ನು ನೇರವಾಗಿ ಕೇಳಬಹುದು: ‘ನೀನು ಈ ಕೆಲಸ ನಿಲ್ಲಿಸಿದರೆ ಏನಾಗುತ್ತದೆಂದು ನಿನಗೆ ಭಯ?’

ಈ ಪ್ರಶ್ನೆಗೆ ಬರುವ ಉತ್ತರಗಳು ಕೇಳುವವರ ಮನಸ್ಸನ್ನು ಕಲಕುವಂಥವು. ‘ನಿದ್ದೆಯೇ ಬರುವುದಿಲ್ಲ’, ‘ಅವನು ಯಾರನ್ನಾದರೂ ಹೊಡೆದುಬಿಡುತ್ತಾನೆ’, ‘ಅವನು ಉಳಿಯುವುದಿಲ್ಲ’. ಕೊನೆಯ ಉತ್ತರ ಬಂದಲ್ಲಿ ಚಿಕಿತ್ಸಕರು ಅದನ್ನು ಆತ್ಮಹತ್ಯೆಯ ಅಪಾಯವೆಂದೇ ಪರಿಗಣಿಸಿ ತಕ್ಷಣ ಮನೋವೈದ್ಯರನ್ನು ಸೇರಿಸಿಕೊಳ್ಳಬೇಕು. ಭಯ ಹೊರಬಂದ ಮೇಲೆ, ಆ ಭಾಗದ ಅನುಮತಿ ಪಡೆದು, ಅದು ಕಾಯುತ್ತಿರುವ ಗಡೀಪಾರಾದ ಭಾಗದ ಬಳಿಗೆ ಹೋಗುತ್ತಾರೆ. ನಮ್ಮ ಉದಾಹರಣೆಯ ಮನುಷ್ಯ ತನ್ನೊಳಗಿನ ಆ ಹುಡುಗನ ಪಕ್ಕದಲ್ಲಿ ನಿಂತು, ಅಂದು ಯಾರೂ ಹೇಳದ ಮಾತನ್ನು ಹೇಳಲು, ಅವನನ್ನು ಆ ನೆಂಟರ ನಡುವಿನಿಂದ ಕರೆದುಕೊಂಡು ಬರಲು ಸಾಧ್ಯವಾಗುವುದು ಆಗ. ‘ಯಾತಕ್ಕೂ ಬಾರದವನು’ ಎಂಬ ಹೊರೆಯನ್ನು ಹುಡುಗ ಇಳಿಸಿದಾಗ, ಅಗ್ನಿಶಾಮಕನಿಗೆ ನಂದಿಸಲು ಬೆಂಕಿಯೇ ಕಡಿಮೆಯಾಗುತ್ತದೆ. ಇದು ಒಂದೆರಡು ಭೇಟಿಗಳಲ್ಲಿ ಮುಗಿಯುವ ಕೆಲಸವಲ್ಲ. ಕಾವಲಿನ ಭಾಗಗಳು ಒಪ್ಪುವ ಮೊದಲೇ ಅವಸರದಿಂದ ಹಳೆಯ ನೋವನ್ನು ತೆರೆದರೆ ಕುಡಿತ ಹೆಚ್ಚುವ ಅಪಾಯವೂ ಇದೆ. ಆದ್ದರಿಂದಲೇ ತರಬೇತಿಯಿಲ್ಲದವರು ಇದಕ್ಕೆ ಕೈಹಾಕಬಾರದು.

ನಮ್ಮ ಕಡೆಯ ಒಂದು ಅನುಭವವನ್ನು ಈ ಬೆಳಕಿನಲ್ಲಿ ನೋಡಬಹುದೆಂದು ನನಗೆ ತೋರುತ್ತದೆ. ಅಯ್ಯಪ್ಪಸ್ವಾಮಿಯ ಮಾಲೆ ಧರಿಸಿದ ದಿನಗಳಲ್ಲಿ ಮದ್ಯವನ್ನು ಮುಟ್ಟದೆ, ಮಾಲೆ ತೆಗೆದ ಕೆಲವೇ ದಿನಗಳಲ್ಲಿ ಮತ್ತೆ ಕುಡಿತಕ್ಕೆ ಮರಳುವ ಗಂಡಸರನ್ನು ಊರೂರಲ್ಲೂ ಕಾಣುತ್ತೇವೆ. ಮನಸ್ಸು ಮಾಡಿದರೆ ಬಿಡಬಲ್ಲ, ಮನಸ್ಸು ಮಾಡುವುದಿಲ್ಲ ಎಂದು ಜನ ಹಳಿಯುತ್ತಾರೆ. ಆದರೆ ಆ ದಿನಗಳಲ್ಲಿ ಏನೆಲ್ಲ ಬದಲಾಗಿರುತ್ತದೆಂದು ಯೋಚಿಸಿ ನೋಡಿ. ನಿನ್ನೆಯವರೆಗೆ ಕುಡುಕನೆಂದು ಕರೆದವರೇ ಅವನನ್ನು ‘ಸ್ವಾಮಿ’ ಎಂದು ಕರೆಯುತ್ತಾರೆ, ಹಿರಿಯರೂ ಕಾಲಿಗೆರಗುತ್ತಾರೆ, ಬೆಳಗಿನ ತಣ್ಣೀರು ಸ್ನಾನ, ಸಂಜೆಯ ಭಜನೆ, ಒಟ್ಟಿಗೆ ಊಟ, ಸುತ್ತಲೂ ಅದೇ ವ್ರತದಲ್ಲಿರುವ ಗೆಳೆಯರು. ಬೈಯುವ ಮನಸ್ಸಿಗೆ ಬಿಡುವು ಸಿಗುತ್ತದೆ, ಅವಮಾನಿತ ಮನಸ್ಸಿಗೆ ಮರ್ಯಾದೆ ಸಿಗುತ್ತದೆ. ಮಾಲೆಯೊಂದಿಗೆ ಆ ಮರ್ಯಾದೆಯೂ ಕಳಚಿಹೋಗುತ್ತದೆ. ವಸ್ತುವಿನಷ್ಟೇ ಸನ್ನಿವೇಶವೂ ಮುಖ್ಯವೆಂಬುದನ್ನು ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಬಗ್ಗೆ ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ನಡೆಸಿದ ಅಧ್ಯಯನವೂ ಹೇಳುತ್ತದೆ. ಅಲ್ಲಿ ಹೆರಾಯಿನ್‌ನಂಥ ವಸ್ತುಗಳಿಗೆ ದಾಸರಾಗಿದ್ದವರಲ್ಲಿ, 1971ರಲ್ಲಿ ತಾಯ್ನಾಡಿಗೆ ಬಂದ ಮೊದಲ ವರ್ಷದೊಳಗೆ ಮತ್ತೆ ವ್ಯಸನಕ್ಕೆ ಬಿದ್ದವರು ಸುಮಾರು ಶೇ 5ರಷ್ಟು ಮಾತ್ರ.

ಆದರೆ ದೇಹವನ್ನು ಮರೆತು ಮನಸ್ಸಿನ ಮಾತನ್ನಷ್ಟೇ ಆಡುವುದು ಅಪಾಯಕಾರಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಸುಮಾರಿಗೆ ಕೈಕಾಲು ನಡುಕ, ಗೊಂದಲ, ಇಲ್ಲದ್ದು ಕಾಣಿಸುವಿಕೆ ಸೇರಿದ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ತಲೆದೋರಿ ಪ್ರಾಣಕ್ಕೇ ಕುತ್ತಾಗಬಹುದು. ಇದಕ್ಕೆ ಆಸ್ಪತ್ರೆಯಲ್ಲಿ ಔಷಧಿ ಮತ್ತು ಥಯಮಿನ್ ಎಂಬ ಬಿ1 ಜೀವಸತ್ವ ಬೇಕು. ಬಳಿಕ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಹೆರಾಯಿನ್ ಮುಂತಾದವುಗಳ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್ ಜೀವ ಉಳಿಸುವ ಔಷಧಿ. ಮಾತ್ರೆ ನುಂಗುವುದನ್ನು ಮನೋಬಲದ ಕೊರತೆಯೆಂದು ನೋಡುವವರು ಇಲ್ಲಿಯೂ ಬೈಯುವ ಮನಸ್ಸಿನ ಮಾತನ್ನೇ ಆಡುತ್ತಿದ್ದಾರೆ. ಐಎಫ್‌ಎಸ್ ಇವುಗಳ ಜೊತೆಗೆ ನಡೆಯಬೇಕಾದದ್ದು, ಇವುಗಳ ಬದಲಿಗಲ್ಲ.

ಇದರ ವೈಜ್ಞಾನಿಕ ಆಧಾರವೂ ಇನ್ನೂ ಚಿಕ್ಕದು. ಬಾಸ್ಟನ್‌ನಲ್ಲಿ ಸಂಧಿವಾತದ 79 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐಎಫ್‌ಎಸ್ ಪಡೆದವರ ನೋವು ಮತ್ತು ಖಿನ್ನತೆಯ ಲಕ್ಷಣಗಳು ತಗ್ಗಿದ್ದು ಕಂಡುಬಂದಿತು. ಬಾಲ್ಯದ ಆಘಾತದಿಂದ ಬಳಲುತ್ತಿದ್ದ 17 ಮಂದಿಯ ಇನ್ನೊಂದು ಅಧ್ಯಯನದ ಫಲಿತಾಂಶ ಆಶಾದಾಯಕವಾಗಿತ್ತಾದರೂ ಅದರಲ್ಲಿ ಈ ಚಿಕಿತ್ಸೆ ಪಡೆಯದವರ ಹೋಲಿಕೆಯ ಗುಂಪೇ ಇರಲಿಲ್ಲ. ವ್ಯಸನಕ್ಕೆ ಸಂಬಂಧಿಸಿದಂತೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ತಿದ್ದುವ ಅರಿವು-ವರ್ತನಾ ಚಿಕಿತ್ಸೆಗೆ ಅಥವಾ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಪರಿಚಯಿಸಿದ ಪ್ರೇರಣಾತ್ಮಕ ಸಂದರ್ಶನಕ್ಕೆ ಇರುವಷ್ಟು ಪುರಾವೆ ಇದಕ್ಕಿಲ್ಲ. ರೋಗಿಯೊಳಗಿನ ಇಬ್ಬಂದಿತನವನ್ನು ವಾದದಿಂದ ಗೆಲ್ಲದೆ ಗೌರವದಿಂದ ಕೇಳಿಸಿಕೊಳ್ಳಬೇಕೆಂಬ ತತ್ವ ಮಿಲ್ಲರ್ ಅವರ ವಿಧಾನದಲ್ಲೂ ಇರುವುದನ್ನು ಗಮನಿಸಬೇಕು. ಐಎಫ್‌ಎಸ್ ತಜ್ಞರು ಹತ್ತಿರದಲ್ಲಿ ಸಿಗದಿದ್ದರೂ ಆ ಬಗೆಯ ಆಪ್ತಸಮಾಲೋಚನೆ ಸಿಗುವ ಸಾಧ್ಯತೆ ಹೆಚ್ಚು.

ಭಾರತದಲ್ಲಿ ಬೇಕಾಗಿರುವುದು ಎಷ್ಟೆಂದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ತಿಳಿಸುತ್ತದೆ. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಮಂದಿಗೆ ಅದರಿಂದ ಚಿಕಿತ್ಸೆ ಬೇಕಾಗುವ ಮಟ್ಟದ ತೊಂದರೆಯಿದೆ. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದಾರೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹಳ್ಳಿಗಳಲ್ಲಿ ಹೆಚ್ಚು ಜನರನ್ನು ಮುಟ್ಟಿರುವುದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಎಂಟು ದಿನ ಒಟ್ಟಿಗಿದ್ದು, ಮನೆಯವರನ್ನೂ ಸೇರಿಸಿಕೊಂಡು, ಆಮೇಲೆ ಪಾನಮುಕ್ತರ ನವಜೀವನ ಸಮಿತಿಗಳ ಮೂಲಕ ಬೆಸೆದುಕೊಂಡಿರುವ ಈ ಪದ್ಧತಿ, ಮಾಲೆಯ ದಿನಗಳಂತೆ, ಮರ್ಯಾದೆಯನ್ನೂ ಒಡನಾಟವನ್ನೂ ಮರಳಿ ಕೊಡುತ್ತದೆ. ಶಿಬಿರ ಮುಗಿದ ಮೇಲೂ ಸಮಿತಿ ಉಳಿಯುತ್ತದೆಂಬುದು ಅದರ ಬಲ. ಒಬ್ಬೊಬ್ಬರ ಹಳೆಯ ಗಾಯವನ್ನು ಏಕಾಂತದಲ್ಲಿ ಕೇಳಿಸಿಕೊಳ್ಳುವ ನುರಿತ ಸಮಾಲೋಚಕರು ಇಂಥ ಕಡೆಗಳಲ್ಲಿ ಇನ್ನಷ್ಟು ಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಕರುಣೆಯೆಂದರೆ ಸಹಿಸಿಕೊಂಡು ಬಿದ್ದಿರುವುದಲ್ಲ ಎಂಬುದನ್ನು ಮನೆಯವರು, ಅದರಲ್ಲೂ ಹೆಂಡತಿಯರು ಮತ್ತು ತಾಯಂದಿರು ತಿಳಿಯಬೇಕು. ಸಾಲ ತೀರಿಸುವುದಿಲ್ಲ, ಕುಡಿದು ಬಂದ ರಾತ್ರಿ ಮಾತಿಗೆ ಕೂರುವುದಿಲ್ಲ, ಕೈಯೆತ್ತಿದರೆ ಮಕ್ಕಳೊಂದಿಗೆ ಹೊರನಡೆಯುತ್ತೇನೆ ಎಂಬ ಗೆರೆಗಳನ್ನು ಕರುಣೆಯಿದ್ದೂ ಎಳೆಯಬಹುದು, ಎಳೆಯಲೇಬೇಕು. ಮನೆಯವರೊಳಗೂ ಬೈಯುವ, ಹೆದರಿದ, ಸೋತ ಭಾಗಗಳಿವೆ. ಅವರ ಸಿಟ್ಟಿಗೂ ಕಾರಣವಿದೆ, ಅವರಿಗೂ ಪ್ರತ್ಯೇಕವಾಗಿ ಸಮಾಲೋಚನೆ ಸಲ್ಲಬೇಕು. ಮರುಕಳಿಕೆಯ ಮಾರನೆಯ ದಿನ, ಅಮಲು ಇಳಿದ ಮೇಲೆ, ‘ಮತ್ತೆ ಶುರುವಾಯಿತಾ’ ಎನ್ನುವ ಬದಲು ‘ನಿನ್ನೆ ಕುಡಿಯುವುದಕ್ಕೆ ಮೊದಲು ಏನಾಯಿತು’ ಎಂದು ಕೇಳಲು ಸಾಧ್ಯವಾದರೆ, ಉತ್ತರ ಬರದಿದ್ದರೂ ಆ ಪ್ರಶ್ನೆ ಅವನೊಳಗೆ ಉಳಿಯುತ್ತದೆ.

ವ್ಯಸನಮುಕ್ತಿ ಕೇಂದ್ರವನ್ನು ಆರಿಸುವಾಗ ಅಲ್ಲಿ ಮನೋವೈದ್ಯರು ಇದ್ದಾರೆಯೇ, ಕೇಂದ್ರ ನೋಂದಾಯಿತವೇ, ಮನೆಯವರಿಗೆ ಭೇಟಿಯ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಆ ಕಾಯ್ದೆಯ ಪ್ರಕಾರ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ, ಕ್ರೂರವಾಗಿ ನಡೆಸಿಕೊಳ್ಳುವಂತಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಕುಡಿಯುವವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.